ಕನ್ನಡಕದ ಭಯ, ಕನ್ನಡಕದ ಬಾಧೆ

ಶಾಲೆಯ ಕಣ್ಣಿನ ತಪಾಸಣೆಯಲ್ಲಿ ಮಗುವಿಗೆ ಕನ್ನಡಕ ಬೇಕೆಂದು ಚೀಟಿ ಬರೆದುಕೊಟ್ಟಾಗ ನಮ್ಮ ಮನೆಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ‘ಇಷ್ಟು ಬೇಗ ಹಾಕಿಸಬೇಡಿ. ಒಂದು ಸಲ ಹಾಕಿದರೆ ಕಣ್ಣು ಅದಕ್ಕೇ ಒಗ್ಗಿಬಿಡುತ್ತೆ, ಆಮೇಲೆ ಬಿಡಿಸೋಕಾಗಲ್ಲ, ವರ್ಷವರ್ಷ ನಂಬರ್ ಏರುತ್ತೆ.’ ಹೇಳುವವರು ಅಜ್ಜಿಯೇ ಆಗಬೇಕೆಂದಿಲ್ಲ. ಎಂಜಿನಿಯರಿಂಗ್ ಓದಿದ ತಂದೆತಾಯಿ ಹೇಳುತ್ತಾರೆ, ಮೇಷ್ಟರೂ ಹೇಳುತ್ತಾರೆ. ನಲವತ್ತು ದಾಟಿದವರು ತಮ್ಮ ವಿಷಯದಲ್ಲೂ ಇದೇ ನಿಲುವು ತಳೆದು, ಪೇಪರನ್ನು ಕೈ ಚಾಚಿ ದೂರ ಹಿಡಿದು ಓದುತ್ತ ಚಾಳೀಸನ್ನು ಮುಂದೂಡುತ್ತಾರೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಇದರ ಹಿಂದೆ ಜನ ಕಣ್ಣಾರೆ ಕಂಡ ಸಂಗತಿಗಳಿವೆ. ಕಂಡದ್ದು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಆ ತಪ್ಪು ಎಲ್ಲಿ ನುಸುಳುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಜೊತೆಗೆ ಇನ್ನೊಂದು ಮಾತೂ ಇದೆ. ಕನ್ನಡಕ ಹಾಕುವವರಿಗೆ ದಿನನಿತ್ಯದ ನಿಜವಾದ ಕಷ್ಟಗಳಿವೆ: ಜಾರುತ್ತದೆ, ಒತ್ತುತ್ತದೆ, ಮಂಜು ಕಟ್ಟುತ್ತದೆ, ತಲೆ ನೋಯಿಸುತ್ತದೆ. ಇಲ್ಲದ ಹಾನಿಗೆ ಹೆದರುವ ನಾವು ಇರುವ ಕಷ್ಟವನ್ನು ‘ಕನ್ನಡಕ ಅಂದಮೇಲೆ ಹಾಗೇ’ ಎಂದು ಬಿಟ್ಟುಬಿಡುತ್ತೇವೆ. ಆ ಭಯಕ್ಕೂ ಈ ಉದಾಸೀನಕ್ಕೂ ನೇರವಾದ ನಂಟಿದೆ ಎಂಬುದು ನನ್ನ ವಾದ.

ಮೊದಲು ಆ ನಂಬಿಕೆಯನ್ನು ಅದರ ಅತ್ಯಂತ ಗಟ್ಟಿಯಾದ ರೂಪದಲ್ಲೇ ಮುಂದಿಟ್ಟುಕೊಳ್ಳೋಣ. ಅದು ಮೂರು ಆಧಾರಗಳ ಮೇಲೆ ನಿಂತಿದೆ.

1. ಕನ್ನಡಕ ಶುರುಮಾಡಿದ ಮಕ್ಕಳಲ್ಲಿ ಬಹುಪಾಲು ಮಂದಿಗೆ ಮುಂದಿನ ವರ್ಷಗಳಲ್ಲಿ ನಂಬರ್ ಏರುವುದನ್ನು ಎಲ್ಲರೂ ನೋಡಿದ್ದಾರೆ. ಮೂರನೇ ಕ್ಲಾಸಿನಲ್ಲಿ ಮೈನಸ್ 1 ಇದ್ದದ್ದು ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಮೈನಸ್ 4 ಆಗಿರುತ್ತದೆ.

2. ಕನ್ನಡಕ ಅಭ್ಯಾಸವಾದ ಮೇಲೆ ಅದನ್ನು ತೆಗೆದರೆ ಮೊದಲಿಗಿಂತ ಹೆಚ್ಚು ಮಸುಕಾಗಿ ಕಾಣುತ್ತದೆ. ಹಿಂದೆ ಬಸ್ಸಿನ ಬೋರ್ಡನ್ನು ಹೇಗೋ ಓದಿಕೊಳ್ಳುತ್ತಿದ್ದವರಿಗೆ ಈಗ ಬರಿಗಣ್ಣಿನಲ್ಲಿ ಅದು ಸಾಧ್ಯವಿಲ್ಲ ಅನ್ನಿಸುತ್ತದೆ.

3. ಬಳಸದ ಅಂಗ ಸೊರಗುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ. ಮುರಿದ ಕೈಗೆ ಹಾಕಿದ ಪ್ಲಾಸ್ಟರನ್ನು ಆರು ವಾರದ ಮೇಲೆ ಬಿಚ್ಚಿದರೆ ತೋಳು ಬಡಕಲಾಗಿರುತ್ತದೆ. ಕಣ್ಣು ಮಾಡಬೇಕಾದ ಕೆಲಸವನ್ನು ಗಾಜು ಮಾಡಿಕೊಟ್ಟರೆ ಕಣ್ಣೂ ಹಾಗೆಯೇ ದುರ್ಬಲವಾಗಬೇಡವೇ?

ಮೊದಲನೆಯದನ್ನು ತೆಗೆದುಕೊಳ್ಳೋಣ. ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದವಿರುತ್ತದೆ. ದೊಡ್ಡವರದು ಸುಮಾರು 24. ಈ ಬೆಳವಣಿಗೆಯಲ್ಲಿ ಮುಂಬದಿಯ ಪಾರದರ್ಶಕ ಪದರವಾದ ಕಾರ್ನಿಯಾ ಮತ್ತು ಒಳಗಿನ ಮಸೂರದ ಬಾಗು ಕಣ್ಣಿನ ಉದ್ದಕ್ಕೆ ಸರಿಯಾಗಿ ಹೊಂದಿಕೊಳ್ಳುತ್ತ ಬಂದರೆ, ದೂರದಿಂದ ಬಂದ ಬೆಳಕು ಹಿಂಬದಿಯ ಅಕ್ಷಿಪಟಲದ ಮೇಲೆ ಕರಾರುವಾಕ್ಕಾಗಿ ಬೀಳುತ್ತದೆ. ಗುಡ್ಡೆ ಅಳತೆ ಮೀರಿ ಉದ್ದವಾದರೆ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡಿಕೊಳ್ಳುತ್ತದೆ. ಸಮೀಪದೃಷ್ಟಿ ಎಂದರೆ ಇಷ್ಟೇ. ಉದ್ದದಲ್ಲಿ ಒಂದೇ ಮಿಲಿಮೀಟರ್ ಹೆಚ್ಚಾದರೂ ಎರಡೂವರೆಯಿಂದ ಮೂರು ಡಯಾಪ್ಟರ್ ನಂಬರ್ ಬರುತ್ತದೆ. ಈ ಉದ್ದವಾಗುವಿಕೆ ಹೆಚ್ಚಿನ ಮಕ್ಕಳಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಶುರುವಾಗಿ ಹದಿಹರೆಯದ ಕೊನೆಗೆ, ಕೆಲವರಲ್ಲಿ ಇಪ್ಪತ್ತರ ಆಚೀಚೆ ನಿಲ್ಲುತ್ತದೆ. ಈಗ ಕಾಲಕ್ರಮವನ್ನು ಗಮನಿಸಿ. ಮಗು ಬೋರ್ಡು ಕಾಣುವುದಿಲ್ಲ ಎಂದು ಹೇಳುವುದು, ಅಂದರೆ ಮೊದಲ ಕನ್ನಡಕ ಬರುವುದು, ಕಣ್ಣು ಉದ್ದವಾಗಲು ತೊಡಗಿದ ಹೊತ್ತಿನಲ್ಲೇ. ಆ ಹೊತ್ತಿನಲ್ಲಿ ನಾವು ಏನು ಮಾಡಿದರೂ, ಮಗುವಿಗೆ ಕನ್ನಡಕ ಹಾಕಿಸಿದರೂ, ಕ್ಯಾರೆಟ್ ತಿನ್ನಿಸಿದರೂ, ಸುಮ್ಮನೆ ಇದ್ದರೂ, ಅದರ ಬೆನ್ನಿಗೇ ನಂಬರ್ ಏರುತ್ತದೆ. ಕನ್ನಡಕ ಹಾಕಿದ ಮಗುವನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಕರೆದೊಯ್ಯುತ್ತಾರೆ, ಆದ್ದರಿಂದ ಅದರ ಏರಿಕೆ ಚೀಟಿಯಲ್ಲಿ ದಾಖಲಾಗುತ್ತದೆ. ಕನ್ನಡಕ ಹಾಕಿಸದ ಮಗುವಿನ ಕಣ್ಣನ್ನು ಯಾರೂ ಅಳೆಯುವುದಿಲ್ಲ, ಆದ್ದರಿಂದ ಅದರ ಏರಿಕೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಅಳೆದದ್ದನ್ನು ಅಳೆಯದ್ದರ ಜೊತೆ ಹೋಲಿಸಿ ತೀರ್ಪು ಕೊಟ್ಟಂತಾಗುತ್ತದೆ.

ಇದನ್ನು ನೇರವಾಗಿ ಪರೀಕ್ಷಿಸುವ ದಾರಿ ಒಂದಿದೆ: ಒಂದೇ ಬಗೆಯ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಕನ್ನಡಕ ಕೊಟ್ಟು, ನಂತರ ಎಲ್ಲರ ಬರಿಗಣ್ಣಿನ ದೃಷ್ಟಿಯನ್ನೂ ಅಳೆಯುವುದು. ಪಶ್ಚಿಮ ಚೀನಾದ ಹಳ್ಳಿ ಶಾಲೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಇಂಥ ಪ್ರಯೋಗ ನಡೆದಿದೆ, ಫಲಿತಾಂಶ 2015ರಲ್ಲಿ ಪ್ರಕಟವಾಗಿದೆ. ಅಲ್ಲಿನ ತಂದೆತಾಯಿಯರಿಗೂ ಮೇಷ್ಟರಿಗೂ ನಮ್ಮವರ ಹಾಗೆಯೇ ಕನ್ನಡಕ ಕಣ್ಣನ್ನು ಕೆಡಿಸುತ್ತದೆಂಬ ನಂಬಿಕೆಯಿತ್ತು. ಕನ್ನಡಕ ಪಡೆದ ಮಕ್ಕಳ ಬರಿಗಣ್ಣಿನ ದೃಷ್ಟಿ ಪಡೆಯದವರಿಗಿಂತ ಹೆಚ್ಚು ಕೆಡಲಿಲ್ಲ, ಕೆಟ್ಟದ್ದು ತುಸು ಕಡಿಮೆಯೇ. ಇನ್ನೊಂದು ಪರೀಕ್ಷೆ ಅದಕ್ಕೂ ಮುಂಚಿನದು, 2002ರದು, ಮಲೇಷ್ಯಾದಲ್ಲಿ ನಡೆದದ್ದು. ‘ಪೂರ್ತಿ ನಂಬರ್ ಕೊಡಬೇಡಿ, ಸ್ವಲ್ಪ ಕಡಿಮೆ ಕೊಡಿ, ಕಣ್ಣು ತಾನೇ ದುಡಿಯಲಿ’ ಎಂಬ ಮಾತು ನಮ್ಮಲ್ಲೂ ಇದೆಯಲ್ಲ, ಅದನ್ನೇ ಅಲ್ಲಿ ಪರೀಕ್ಷಿಸಿದರು. ಎರಡು ವರ್ಷದ ಕೊನೆಗೆ, ಬೇಕೆಂದೇ ಕಡಿಮೆ ನಂಬರಿನ ಗಾಜು ಕೊಟ್ಟ ಮಕ್ಕಳಲ್ಲಿ ಸರಾಸರಿ 1 ಡಯಾಪ್ಟರ್ ಏರಿತ್ತು, ಪೂರ್ತಿ ನಂಬರ್ ಕೊಟ್ಟವರಲ್ಲಿ 0.77. ಅಂತರ ದೊಡ್ಡದಲ್ಲ, ಆದರೆ ನಂಬಿಕೆ ಹೇಳುವುದಕ್ಕೆ ತದ್ವಿರುದ್ಧ ದಿಕ್ಕಿನದು.

ಎರಡನೆಯ ಅನುಭವ, ತೆಗೆದಾಗ ಹೆಚ್ಚು ಮಸುಕಾಗಿ ಕಾಣುವುದು, ಇದಕ್ಕಿಂತ ಕುತೂಹಲಕರ. ಇಲ್ಲಿ ಎರಡು ಸಂಗತಿಗಳು ಬೆರೆತಿವೆ. ಒಂದು, ಮಸುಕಿಗೆ ಮೆದುಳು ಹೊಂದಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮಸುಕನ್ನೇ ನೋಡುತ್ತಿದ್ದವರ ಮೆದುಳು ಸಿಕ್ಕಷ್ಟು ಸುಳಿವಿನಿಂದಲೇ ಬಸ್ಸಿನ ಬಣ್ಣ, ಬೋರ್ಡಿನ ಮೊದಲಕ್ಷರ, ಬರುವ ಹೊತ್ತು ಎಲ್ಲ ಸೇರಿಸಿ ಊಹೆ ಕಟ್ಟುವುದನ್ನು ಕಲಿತಿರುತ್ತದೆ. ಕನ್ನಡಕ ಬಂದ ಮೇಲೆ ಆ ಕಸರತ್ತು ಬೇಕಾಗುವುದಿಲ್ಲ, ಕೈಬಿಟ್ಟುಹೋಗುತ್ತದೆ. ಕೆಲವು ದಿನ ಬರಿಗಣ್ಣಿನಲ್ಲಿದ್ದರೆ ಮರಳಿ ಬರುತ್ತದೆ. ಎರಡು, ಸ್ಪಷ್ಟತೆ ಎಂದರೇನೆಂದು ಈಗ ಗೊತ್ತಾಗಿದೆ. ಮರದ ಎಲೆಗಳು ಬಿಡಿಬಿಡಿಯಾಗಿ ಕಾಣುತ್ತವೆ ಎಂಬುದೇ ತಿಳಿಯದ ಮಗುವಿಗೆ ಹಸಿರು ಮುದ್ದೆ ಮಸುಕು ಅನ್ನಿಸುವುದಿಲ್ಲ. ಇಲ್ಲಿ ಬದಲಾದದ್ದು ಅಳತೆಗೋಲು. ಕಣ್ಣುಗುಡ್ಡೆಯ ಉದ್ದವಾಗಲಿ ಕಾರ್ನಿಯಾದ ಬಾಗಾಗಲಿ ಕನ್ನಡಕ ಹಾಕಿ ತೆಗೆದುದರಿಂದ ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ. ಇದನ್ನು ‘ಅವಲಂಬನೆ’ ಎಂದು ಕರೆಯಬಹುದೇ? ಒಳ್ಳೆಯದನ್ನು ಕಂಡ ಮೇಲೆ ಕೆಟ್ಟದ್ದನ್ನು ಸಹಿಸಲಾಗದಿರುವುದು ಅವಲಂಬನೆ ಎನ್ನುವುದಾದರೆ ಕರೆಯಬಹುದು. ಆದರೆ ಜನ ಹೆದರುವುದು ಈ ಅರ್ಥದ ಅವಲಂಬನೆಗಲ್ಲ, ಕಣ್ಣು ಕೆಡುವುದಕ್ಕೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದೇ ಗೊಂದಲದ ಮೂಲ.

ಮೂರನೆಯ ಆಧಾರ, ಬಳಸದ ಅಂಗ ಸೊರಗುತ್ತದೆ ಎಂಬುದು, ಕೇಳಲು ಅತ್ಯಂತ ವೈಜ್ಞಾನಿಕವಾಗಿದೆ, ಒಳಗೆ ಅತ್ಯಂತ ಟೊಳ್ಳಾಗಿದೆ. ಕಣ್ಣಿನೊಳಗೆ ಮಸೂರದ ಬಾಗನ್ನು ಹೆಚ್ಚಿಸುವ ಸ್ನಾಯುವೊಂದಿದೆ ನಿಜ. ಹತ್ತಿರದ್ದನ್ನು ನೋಡುವಾಗ ಅದು ಬಿಗಿಯುತ್ತದೆ, ದೂರ ನೋಡುವಾಗ ಸಡಿಲಗೊಳ್ಳುತ್ತದೆ. ಸಮೀಪದೃಷ್ಟಿಯವರ ಕಷ್ಟ ಇರುವುದು ದೂರದ ನೋಟದಲ್ಲಿ. ಅಲ್ಲಿ ಆ ಸ್ನಾಯು ದುಡಿದಷ್ಟೂ ಬಿಂಬ ಇನ್ನಷ್ಟು ಮುಂದಕ್ಕೆ ಜರುಗಿ ಮಸುಕು ಹೆಚ್ಚುತ್ತದೆ! ಹಾಗಿರುವಾಗ ಯಾವ ವ್ಯಾಯಾಮ ಉದ್ದವಾದ ಗುಡ್ಡೆಯನ್ನು ಮೊಟಕುಗೊಳಿಸೀತು? ಅಮೆರಿಕದ ವೈದ್ಯ ವಿಲಿಯಂ ಬೇಟ್ಸ್ 1920ರಲ್ಲಿ ಪುಸ್ತಕವೊಂದನ್ನು ಬರೆದು, ನೋಟ ಹೊಂದಿಸುವುದು ಮಸೂರವಲ್ಲ, ಗುಡ್ಡೆಯ ಹೊರಗಿನ ಸ್ನಾಯುಗಳು ಎಂದು ವಾದಿಸಿದ. ಆ ಸ್ನಾಯುಗಳನ್ನು ಸಡಿಲಿಸಿದರೆ ಕನ್ನಡಕ ಬಿಸಾಡಬಹುದು ಎಂದ. ಅಂಗೈಯಿಂದ ಕಣ್ಣು ಮುಚ್ಚಿ ಕೂರುವುದು, ಸೂರ್ಯನ ಕಡೆ ಮುಖಮಾಡುವುದು ಅವನ ಪದ್ಧತಿಯ ಭಾಗ. ನಮ್ಮ ದೇಶದಲ್ಲೂ ಇದು ಹಲವು ದಶಕಗಳಿಂದ ಪ್ರಚಾರದಲ್ಲಿದೆ. ಆದರೆ ಮಸೂರದ ಪಾತ್ರವನ್ನು ಥಾಮಸ್ ಯಂಗ್ 1801ರಲ್ಲೇ ತೋರಿಸಿದ್ದ. ಸಾಮಾನ್ಯರೂ ಪರಿಶೀಲಿಸಬಹುದಾದ ಸಾಕ್ಷಿಯೊಂದಿದೆ: ಪೊರೆಯ ಆಪರೇಷನ್‌ನಲ್ಲಿ ಮಸೂರ ತೆಗೆಸಿಕೊಂಡವರ ಹೊರಗಿನ ಸ್ನಾಯುಗಳು ಹಾಗೆಯೇ ಇರುತ್ತವೆ, ಆದರೂ ಅವರಿಗೆ ದೂರ-ಹತ್ತಿರ ನೋಟ ಹೊಂದಿಸುವ ಶಕ್ತಿ ಉಳಿಯುವುದಿಲ್ಲ. ಅಂಗೈ ಮುಚ್ಚಿ ಕೂತರೆ ದಣಿದ ಕಣ್ಣಿಗೆ ಹಿತ ಅನ್ನಿಸಬಹುದು, ಅದರಲ್ಲಿ ತಪ್ಪೇನಿಲ್ಲ. ನಂಬರ್ ಇಳಿಯುವುದಿಲ್ಲ. ಸೂರ್ಯನನ್ನು ದಿಟ್ಟಿಸುವುದಂತೂ ಅಕ್ಷಿಪಟಲವನ್ನೇ ಸುಡುವ ಕೆಲಸ, ಯಾವ ಕಾರಣಕ್ಕೂ ಕೂಡದು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಎರಡು ಗಂಭೀರ ಆಕ್ಷೇಪಗಳನ್ನು ಎತ್ತಿಕೊಳ್ಳದಿದ್ದರೆ ವಾದ ಅರ್ಧಕ್ಕೆ ನಿಂತಂತೆ. ಮೊದಲನೆಯದು ಪ್ಲಸ್ ನಂಬರಿನವರದು. ಪ್ಲಸ್ ನಂಬರಿನ ಮಗು ಒಳಸ್ನಾಯುವನ್ನು ದಿನವಿಡೀ ಬಿಗಿಹಿಡಿದು ದೂರದ್ದನ್ನೂ ಸ್ಪಷ್ಟವಾಗಿ ನೋಡುತ್ತಿರುತ್ತದೆ. ಕನ್ನಡಕ ಕೊಟ್ಟಾಗ ಆ ಬಿಗಿತ ನಿಧಾನವಾಗಿ ಸಡಿಲಗೊಂಡು, ಅಡಗಿದ್ದ ಪ್ಲಸ್ ಹೊರಬರುತ್ತದೆ. ಈಗ ಕನ್ನಡಕ ತೆಗೆದರೆ ಮೊದಲು ಕಾಣುತ್ತಿದ್ದದ್ದು ಕಾಣುವುದಿಲ್ಲ. ಇಲ್ಲಿ ‘ಕಣ್ಣು ಒಗ್ಗಿಹೋಯಿತು’ ಎಂಬ ಮಾತಿನಲ್ಲಿ ಒಂದು ಪಾಲು ಸತ್ಯವಿದೆ ಎಂದು ಒಪ್ಪಲೇಬೇಕು. ಆದರೆ ಸಡಿಲಗೊಂಡದ್ದು ಅನಗತ್ಯ ದುಡಿಮೆ. ಸಂಜೆಯ ತಲೆನೋವು, ಓದಲು ಒಲ್ಲದಿರುವುದು, ಕೆಲವು ಮಕ್ಕಳಲ್ಲಿ ಕಣ್ಣು ಒಳಕ್ಕೆ ತಿರುಗುವ ಮೆಳ್ಳೆ, ಇವೆಲ್ಲ ಆ ದುಡಿಮೆಯ ಬೆಲೆ. ನಲವತ್ತರ ನಂತರದ ಚಾಳೀಸಿಗೂ ಹೆಚ್ಚುಕಡಿಮೆ ಇದೇ ಉತ್ತರ. ವಯಸ್ಸಾದಂತೆ ಮಸೂರ ಗಡಸಾಗಿ ಬಾಗದಾಗುತ್ತದೆ. ಕನ್ನಡಕ ಹಾಕಿದವರಿಗೂ ಹಾಕದವರಿಗೂ ಒಂದೇ ವೇಗದಲ್ಲಿ ಗಡಸಾಗುತ್ತದೆ. ಐದು ವರ್ಷ ಮುಂದೂಡಿದವರು ಉಳಿಸಿಕೊಂಡದ್ದು ಏನೂ ಇಲ್ಲ, ಕಳೆದುಕೊಂಡದ್ದು ಐದು ವರ್ಷದ ಓದು. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕೂಲಿಕಾರರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರು ಕೊಯ್ದ ಎಲೆ, ಪಡೆಯದವರಿಗೆ ಹೋಲಿಸಿದರೆ, ಶೇ 20ಕ್ಕೂ ಮಿಕ್ಕಿ ಹೆಚ್ಚಿತ್ತು. ಎಲೆ ಕೊಯ್ಯುವುದು ಓದು-ಬರಹದ ಕೆಲಸವಲ್ಲ. ಹೂ ಕಟ್ಟುವವರು, ಹೊಲಿಗೆ ಹಾಕುವವರು, ಅಕ್ಕಿಯಲ್ಲಿ ಕಲ್ಲು ಆರಿಸುವವರು, ರೇಷ್ಮೆ ನೂಲು ತೆಗೆಯುವವರು ಚಾಳೀಸನ್ನು ಮುಂದೂಡುವುದೆಂದರೆ ಕೂಲಿಯನ್ನೇ ಬಿಟ್ಟುಕೊಟ್ಟಂತೆ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು, ಅದನ್ನು ಎತ್ತುವವರು ವಿಜ್ಞಾನಿಗಳೇ. ಕೋಳಿಮರಿಗಳ, ಕೋತಿಮರಿಗಳ ಕಣ್ಣಿಗೆ ಮೈನಸ್ ಗಾಜು ಕಟ್ಟಿದರೆ ಅವುಗಳ ಗುಡ್ಡೆ ಉದ್ದವಾಗುತ್ತದೆ. ಕೋಳಿಮರಿಗಳ ವಿಷಯದಲ್ಲಿ ಇದು 1980ರ ದಶಕದಿಂದಲೂ ಗೊತ್ತಿರುವ ಸಂಗತಿ. ಅಂದರೆ ಗಾಜಿನಿಂದ ಬೆಳವಣಿಗೆ ಬದಲಾಗಲು ಸಾಧ್ಯವಿದೆ. ಆದರೆ ಆ ಮರಿಗಳ ಕಣ್ಣು ಮೊದಲು ಸರಿಯಾಗಿತ್ತು, ಅವುಗಳಿಗೆ ಬೇಡದ ಗಾಜನ್ನು ಹೇರಲಾಗಿತ್ತು. ಅಗತ್ಯವಿಲ್ಲದ ಮೈನಸ್ ಕೊಡಬಾರದು ಎಂಬ ಪಾಠ ಅದರಿಂದ ಸಿಗುತ್ತದೆ. ಮಕ್ಕಳಿಗೆ ಕಣ್ಣಿಗೆ ಹನಿ ಹಾಕಿ ಒಳಸ್ನಾಯುವನ್ನು ಸಡಿಲಗೊಳಿಸಿಯೇ ನಂಬರ್ ನೋಡಬೇಕು ಎಂದು ವೈದ್ಯರು ಒತ್ತಾಯಿಸುವುದು ಈ ಕಾರಣಕ್ಕೂ ಹೌದು. ಬೇಕಾದವರಿಗೆ ಬೇಕಾದಷ್ಟೇ ಕೊಟ್ಟ ಗಾಜಿನ ಬಗ್ಗೆ ಉಳಿದಿರುವ ಪ್ರಶ್ನೆಯೆಂದರೆ, ಮಾಮೂಲಿ ಗಾಜು ನೋಟದ ನಡುಭಾಗವನ್ನು ಸರಿಪಡಿಸಿದರೂ ಅಂಚಿನ ಬಿಂಬವನ್ನು ಅಕ್ಷಿಪಟಲದ ಹಿಂದಕ್ಕೆ ಬೀಳಿಸುತ್ತದೆ, ಇದು ಗುಡ್ಡೆ ಬೆಳೆಯಲು ಕುಮ್ಮಕ್ಕು ಕೊಡಬಹುದೇ ಎಂಬುದು. ಈ ಅನುಮಾನದಿಂದಲೇ ಅಂಚಿನ ಬಿಂಬವನ್ನೂ ಹೊಂದಿಸುವ ಹೊಸ ಬಗೆಯ ಗಾಜುಗಳು ಬಂದಿವೆ, ಅವು ಏರಿಕೆಯನ್ನು ನಿಧಾನಗೊಳಿಸುತ್ತವೆ ಎಂದು ಹಾಂಗ್‌ಕಾಂಗಿನ ಪ್ರಯೋಗಗಳು ತೋರಿಸಿವೆ. ಇದೇ ಉದ್ದೇಶಕ್ಕೆ ಕಡಿಮೆ ಸಾಂದ್ರತೆಯ ಆಟ್ರೊಪಿನ್ ಹನಿಯೂ ಬಳಕೆಯಲ್ಲಿದೆ. ಆದ್ದರಿಂದ ಏರಿಕೆಯ ಬಗ್ಗೆ ಚಿಂತಿಸುವ ತಂದೆತಾಯಿ ತಪ್ಪು ಮಾಡುತ್ತಿಲ್ಲ, ಅವರು ತಪ್ಪು ಬಾಗಿಲು ತಟ್ಟುತ್ತಿದ್ದಾರೆ ಅಷ್ಟೇ. ಚೀನಾದ ಗುವಾಂಗ್‌ಝೌನಲ್ಲಿ ಕೆಲವು ಶಾಲೆಗಳು ದಿನಕ್ಕೆ 40 ನಿಮಿಷದ ಬಯಲು ತರಗತಿ ಸೇರಿಸಿದವು. ಮೂರು ವರ್ಷದ ಬಳಿಕ, 2015ರ ವರದಿಯಂತೆ, ಆ ಶಾಲೆಗಳ ಶೇ 30.4 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು, ಉಳಿದ ಶಾಲೆಗಳಲ್ಲಿ ಶೇ 39.5. ಮಗುವಿನ ಕಣ್ಣು ಉಳಿಸಬೇಕೆಂದಿದ್ದರೆ ಅದರ ಮೂಗಿನ ಮೇಲಿನ ಕನ್ನಡಕ ಕಿತ್ತುಕೊಳ್ಳುವ ಬದಲು ಟ್ಯೂಷನ್ನಿನ ಒಂದು ಗಂಟೆ ಕಡಿಮೆ ಮಾಡಿ ಹೊರಗೆ ಆಡಲು ಬಿಡಬೇಕು. ನಮ್ಮ ನಗರಗಳ ಎಷ್ಟು ಶಾಲೆಗಳಿಗೆ ಆಟದ ಬಯಲಿದೆ ಎಂಬುದು ನೇತ್ರವಿಜ್ಞಾನದ ಪ್ರಶ್ನೆಯೂ ಹೌದು.

ಕನ್ನಡಕ ಹಾಕದಿದ್ದರೆ ಕಣ್ಣು ಕೆಡುವ ಸಂದರ್ಭವೂ ಇದೆ ಎಂಬುದು ಈ ಚರ್ಚೆಯಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಒಂದು ಕಣ್ಣಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ನಂಬರ್ ಇದ್ದರೆ, ಅಥವಾ ಎರಡರಲ್ಲೂ ಪ್ಲಸ್ ನಂಬರ್ ಇಲ್ಲವೇ ಸಿಲಿಂಡರ್ ನಂಬರ್ ತೀರಾ ಹೆಚ್ಚಿದ್ದರೆ, ಮಗುವಿನ ಮೆದುಳು ಮಸುಕು ಬಿಂಬ ಕಳಿಸುವ ಕಣ್ಣನ್ನು ನಂಬುವುದನ್ನೇ ಬಿಡುತ್ತದೆ. ಏಳೆಂಟು ವರ್ಷದೊಳಗೆ ಸರಿಯಾದ ಕನ್ನಡಕ ಸಿಕ್ಕರೆ ಹೆಚ್ಚಿನ ಮಟ್ಟಿಗೆ ಸುಧಾರಿಸುತ್ತದೆ. ‘ದೊಡ್ಡವನಾಗಲಿ, ಆಮೇಲೆ ನೋಡೋಣ’ ಎಂದು ಕಾದರೆ ಮುಂದೆ ಎಂಥ ಗಾಜು ಹಾಕಿದರೂ ಆ ಕಣ್ಣಿಗೆ ಕೆಳಗಿನ ಸಾಲು ಓದಲಾಗುವುದಿಲ್ಲ. ಒಂದೇ ಕಣ್ಣಿನ ದೋಷವಾದರೆ ಮಗು ದೂರು ಹೇಳುವುದೂ ಇಲ್ಲ, ಏಕೆಂದರೆ ಇನ್ನೊಂದು ಕಣ್ಣಿನಿಂದ ಎಲ್ಲ ಕಾಣುತ್ತಿರುತ್ತದೆ. ಕಣ್ಣನ್ನು ಸೋಮಾರಿ ಮಾಡಬಾರದೆಂಬ ಕಾಳಜಿಯೇ ಕಣ್ಣನ್ನು ಶಾಶ್ವತವಾಗಿ ಸೋಮಾರಿ ಮಾಡಿಬಿಡುತ್ತದೆ. ಈ ನಂಬಿಕೆಯ ಬಗ್ಗೆ ನನಗೆ ಸಿಟ್ಟು ಬರುವುದು ಈ ಒಂದು ಜಾಗದಲ್ಲಿ.

ಹಾಗಾದರೆ ಇಷ್ಟು ಪೊಳ್ಳಾದ ನಂಬಿಕೆ ಇಷ್ಟು ಗಟ್ಟಿಯಾಗಿ ಹೇಗೆ ಉಳಿದಿದೆ? ಒಂದು ಕಾರಣ ಚರಿತ್ರೆಯಲ್ಲಿದೆ. ಡಾ. ಎಂ. ಸಿ. ಮೋದಿಯವರಂಥವರು ಊರೂರಿನಲ್ಲಿ ಶಿಬಿರ ನಡೆಸಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಕಣ್ಣೊಳಗೆ ಕೃತಕ ಮಸೂರ ಇಡುವ ಪದ್ಧತಿ ಇನ್ನೂ ವ್ಯಾಪಕವಾಗಿರಲಿಲ್ಲ. ಮಸೂರ ತೆಗೆಸಿಕೊಂಡ ಅಜ್ಜ ಅಜ್ಜಿಯರಿಗೆ ಪ್ಲಸ್ 10ರ ಆಸುಪಾಸಿನ ದಪ್ಪ ಸೋಡಾಬುಡ್ಡಿ ಬೇಕಾಗುತ್ತಿತ್ತು, ಅದನ್ನು ತೆಗೆದರೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಕನ್ನಡಕವೆಂದರೆ ಬಿಡಲಾಗದ ಬಂಧ ಎಂಬ ಚಿತ್ರ ಒಂದೆರಡು ತಲೆಮಾರಿನ ಮನಸ್ಸಿನಲ್ಲಿ ಹಾಗೆ ಅಚ್ಚಾಯಿತು. ಇನ್ನೊಂದು ಕಾರಣ ನಮ್ಮ ಕಾಲದ್ದೇ, ಮತ್ತು ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದೇ. ದಿನನಿತ್ಯ ಕನ್ನಡಕ ಕೊಡುವ ಬಾಧೆಗಳನ್ನು ಜನ ಕಣ್ಣಿನ ಖಾತೆಗೆ ಬರೆದುಕೊಳ್ಳುತ್ತಾರೆ.

ಜಾರುವ ಕನ್ನಡಕವನ್ನೇ ನೋಡಿ. ಮಂಗಳೂರಿನ ಸೆಕೆಯಲ್ಲಿ, ರಾಯಚೂರಿನ ಬಿಸಿಲಲ್ಲಿ ಬೆವರಿದ ಮೂಗಿನ ಮೇಲಿಂದ ಅದು ಗಳಿಗೆಗೊಮ್ಮೆ ಕೆಳಗಿಳಿಯುತ್ತದೆ. ಮೈನಸ್ ಗಾಜು ಕಣ್ಣಿನಿಂದ ದೂರ ಸರಿದಷ್ಟೂ ಅದರ ಪರಿಣಾಮ ಕಡಿಮೆ. ಮೈನಸ್ 8ರ ಗಾಜು 8 ಮಿಲಿಮೀಟರ್ ಮುಂದಕ್ಕೆ ಬಂದರೆ ಸುಮಾರು ಅರ್ಧ ಡಯಾಪ್ಟರ್ ಬಲ ಕಳೆದುಕೊಂಡ ಹಾಗೆ. ಹಾಕಿಕೊಂಡವರಿಗೆ ಬೋರ್ಡು ತುಸು ಮಸುಕಾಗುತ್ತದೆ, ‘ನಂಬರ್ ಏರಿದೆ’ ಅನ್ನಿಸುತ್ತದೆ. ಪಂಚೆಯ ತುದಿ, ಸೀರೆಯ ಸೆರಗು, ಅಂಗಿಯ ಚುಂಗು, ಕೈಗೆ ಸಿಕ್ಕಿದ್ದರಿಂದ ಒಣಗಾಜನ್ನು ಉಜ್ಜಿದಾಗ ಧೂಳಿನ ಕಣಗಳು ಪ್ಲಾಸ್ಟಿಕ್ ಮಸೂರದ ಮೇಲೆ ಗೀರೆಳೆಯುತ್ತವೆ. ರಾತ್ರಿ ಎದುರು ಬರುವ ಲಾರಿಯ ದೀಪ ಆ ಗೀರುಗಳಲ್ಲಿ ಒಡೆದು ಚೆಲ್ಲುತ್ತದೆ, ಅದಕ್ಕೂ ಕಣ್ಣೇ ಹೊಣೆ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಕನ್ನಡಕದ ಕೋಟಿಂಗ್ ಬಿರಿದರೂ ಅದೇ ಕಥೆ. ಗಾಜನ್ನು ನೀರಿನಲ್ಲಿ ನೆನೆಸಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿಯಿಂದ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಅರ್ಧ ದೂರು ತೀರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ, ಎಸಿ ಬಸ್ಸಿನಿಂದ ಮಳೆಗಾಲದ ರಸ್ತೆಗೆ ಇಳಿದಾಗ ಗಾಜು ಬೆಳ್ಳಗಾಗುವುದು ತಣ್ಣನೆ ಗಾಜಿನ ಮೇಲೆ ಆವಿ ಹನಿಗಟ್ಟುವುದರಿಂದ. ತೊಳೆದಾಗ ಉಳಿಯುವ ಸೋಪಿನ ತೆಳು ಪದರ ಆ ಹನಿಗಳನ್ನು ಹರಡಿಬಿಡುತ್ತದೆ, ಸ್ವಲ್ಪ ಹೊತ್ತು ಮಂಜು ಕಟ್ಟುವುದಿಲ್ಲ. ಇಂಥ ಸಣ್ಣ ವಿಷಯಗಳನ್ನು ಹೇಳಿಕೊಡುವವರು ಯಾರೂ ಇಲ್ಲ.

ತಲೆನೋವಿನ ಸಂಗತಿ ಇನ್ನೂ ಮುಖ್ಯವಾದದ್ದು. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಎಲ್ಲರಲ್ಲೂ ಒಂದೇ ಅಲ್ಲ. ದೊಡ್ಡವರಲ್ಲಿ ಅದು 63 ಮಿಲಿಮೀಟರಿನ ಆಚೀಚೆ, ಒಬ್ಬರಿಂದೊಬ್ಬರಿಗೆ ಒಂದು ಸೆಂಟಿಮೀಟರ್‌ವರೆಗೂ ವ್ಯತ್ಯಾಸವಾಗಬಹುದು. ಪ್ರತಿ ಗಾಜಿನ ಕೇಂದ್ರ ಅವರವರ ಪಾಪೆಯ ಎದುರಿಗೇ ಬರಬೇಕು. ಮೈನಸ್ 6ರ ಗಾಜಿನ ಕೇಂದ್ರ 5 ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೆ, ಒಂದು ಮೀಟರ್ ದೂರದ ವಸ್ತು 3 ಸೆಂಟಿಮೀಟರ್ ಸರಿದಂತೆ ಕಾಣುತ್ತದೆ. ಎರಡು ಕಣ್ಣಿನ ಬಿಂಬಗಳನ್ನು ಕೂಡಿಸಲು ಹೊರಗಿನ ಸ್ನಾಯುಗಳು ದಿನವಿಡೀ ಎಳೆದಾಡಬೇಕು. ಒಳ್ಳೆಯ ಆಪ್ಟಿಕಲ್ಸ್ ಅಂಗಡಿಯಲ್ಲಿ ಫ್ರೇಮನ್ನು ಮುಖಕ್ಕೆ ಹಾಕಿಸಿ, ಎದುರು ಕೂತು, ನೇರ ನೋಡಲು ಹೇಳಿ, ಡಮ್ಮಿ ಗಾಜಿನ ಮೇಲೆ ಪಾಪೆಯ ಜಾಗಕ್ಕೆ ಮಾರ್ಕರ್‌ನಲ್ಲಿ ಚುಕ್ಕಿ ಇಡುತ್ತಾರೆ. ಇದಕ್ಕೆ ಅರ್ಧ ನಿಮಿಷ ಸಾಕು. ಎಷ್ಟೋ ಕಡೆ ಆ ಅರ್ಧ ನಿಮಿಷವನ್ನೂ ಕೊಡದೆ ಸರಾಸರಿ ಲೆಕ್ಕದಲ್ಲಿ ಗಾಜು ಕತ್ತರಿಸುತ್ತಾರೆ. ಸಿಲಿಂಡರ್ ನಂಬರಿನ ಆಕ್ಸಿಸ್ ಕೆಲವು ಡಿಗ್ರಿ ತಪ್ಪಿದರೂ ಹಾಗೆಯೇ ನೆಲ ಓರೆಯಾಗಿ ಕಾಣುತ್ತದೆ. ಗಿರಾಕಿ ಮರಳಿ ಬಂದು ತಲೆ ನೋಯುತ್ತದೆ ಎಂದರೆ ಸಿಗುವ ಉತ್ತರ, ‘ಎರಡು ವಾರ ಹಾಕ್ಕೊಳ್ಳಿ ಸಾರ್, ಅಡ್ಜಸ್ಟ್ ಆಗುತ್ತೆ.’ ಹೊಸ ನಂಬರಿಗೆ ಕೆಲವು ದಿನ ಬೇಕಾಗುವುದು ನಿಜ. ಆದರೆ ತಪ್ಪು ಕೇಂದ್ರಕ್ಕೆ ಅಡ್ಜಸ್ಟ್ ಆಗಬೇಕಾದ ಅಗತ್ಯವೇನು? ಗಿರಾಕಿ ಅದನ್ನು ಪ್ರಶ್ನಿಸುವುದಿಲ್ಲ, ಏಕೆಂದರೆ ಕನ್ನಡಕ ಕಣ್ಣಿಗೆ ಆಗಿಬರುವುದಿಲ್ಲವೆಂದು ಅವನು ಮೊದಲೇ ನಂಬಿದ್ದಾನೆ. ಗಾಜನ್ನು ಬೀರುವಿನಲ್ಲಿಟ್ಟು ಬರಿಗಣ್ಣಿಗೆ ಮರಳುತ್ತಾನೆ, ನಂಬಿಕೆಗೆ ಇನ್ನೊಬ್ಬ ಸಾಕ್ಷಿ ಸಿಕ್ಕಂತಾಗುತ್ತದೆ. ಸುಳ್ಳು ಭಯ ನಿಜವಾದ ದೋಷಕ್ಕೆ ರಕ್ಷಣೆ ಕೊಡುವುದು ಹೀಗೆ.

ಕಿವಿಯ ಹಿಂದಿನ ಹುಣ್ಣು, ಮೂಗಿನ ಮೇಲಿನ ಕಪ್ಪು ಗುರುತು ಇವಕ್ಕೂ ಇದೇ ಮಾತು. ಕನ್ನಡಕದ ಕಡ್ಡಿಯ ಬಾಗು ಕಿವಿ ದಾಟಿದ ಕೂಡಲೇ ಶುರುವಾಗಬೇಕು. ಅಲ್ಲಿಂದ ಮುಂದೆ ಹೋಗಿ ಬಾಗಿದರೆ ಜಾರುತ್ತದೆ, ಮುಂಚೆಯೇ ಬಾಗಿದರೆ ಒತ್ತುತ್ತದೆ. ಕಡ್ಡಿಯ ತುದಿಯನ್ನು ಬಿಸಿಮಾಡಿ ಬಗ್ಗಿಸುವುದು ಅಂಗಡಿಯವರಿಗೆ ಎರಡು ನಿಮಿಷದ ಕೆಲಸ. ಮೂಗಿನ ಸೇತುವೆ ತಗ್ಗಾಗಿರುವವರು ಪ್ಯಾಡಿಲ್ಲದ ದಪ್ಪ ಪ್ಲಾಸ್ಟಿಕ್ ಫ್ರೇಮನ್ನು ಚಂದಕ್ಕೆಂದು ಕೊಂಡರೆ ಅದು ಕೆನ್ನೆಯ ಮೇಲೆ ಕೂರುತ್ತದೆ. ಅಂಥವರಿಗೆ ಪ್ಯಾಡು ತಿರುಗಿಸಬಹುದಾದ ಲೋಹದ ಫ್ರೇಮೇ ಸರಿ. ಹೆಚ್ಚು ಮೈನಸ್ ಇರುವವರು ಅಗಲದ ಫ್ರೇಮು ಆರಿಸಿದರೆ ಅಂಚು ದಪ್ಪವಾಗಿ ಭಾರ ಹೆಚ್ಚುತ್ತದೆ, ಸಣ್ಣ ಫ್ರೇಮಿನಲ್ಲಿ ಅದೇ ನಂಬರ್ ಹಗುರ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕುವಾಗ ಕನ್ನಡಕ ತೆಗೆದು ಮತ್ತೆ ತೂರಿಸಬೇಕಾಗುತ್ತದೆ, ದಪ್ಪ ಕಡ್ಡಿಯವು ಕಣತಲೆಗೆ ಒತ್ತುತ್ತವೆ. ಸ್ಕೂಟರಿನವರು ಬೇಸತ್ತು ಕನ್ನಡಕವನ್ನೇ ಜೇಬಿಗಿಟ್ಟು ಓಡಿಸುವುದುಂಟು, ಅದು ತನಗೂ ಎದುರಿನವರಿಗೂ ಅಪಾಯ. ತೆಳು ನೇರ ಕಡ್ಡಿಯ ಫ್ರೇಮು ಇದಕ್ಕೆ ಪರಿಹಾರ. ಇವೆಲ್ಲ ಕ್ಷುಲ್ಲಕ ವಿವರ ಅನ್ನಿಸಬಹುದು. ದಿನಕ್ಕೆ ಹದಿನಾರು ಗಂಟೆ ಮುಖದ ಮೇಲಿರುವ ವಸ್ತುವಿನಲ್ಲಿ ಕ್ಷುಲ್ಲಕ ಎಂಬುದಿಲ್ಲ.

ಕಾಂಟ್ಯಾಕ್ಟ್ ಲೆನ್ಸಿನಲ್ಲೂ ಭಯ ಮತ್ತು ಉದಾಸೀನ ಹೀಗೆಯೇ ಅದಲುಬದಲಾಗಿವೆ. ಲೆನ್ಸು ಜಾರಿ ಕಣ್ಣಿನ ಹಿಂದೆ ಹೋಗಿ ಮೆದುಳು ಸೇರುತ್ತದೆ ಎಂಬುದು ಎಲ್ಲರ ಹೆದರಿಕೆ. ರೆಪ್ಪೆಯ ಒಳಪೊರೆ ಮಡಚಿಕೊಂಡು ಗುಡ್ಡೆಗೆ ಅಂಟಿರುವುದರಿಂದ ಅದು ಸಾಧ್ಯವೇ ಇಲ್ಲ, ಹೆಚ್ಚೆಂದರೆ ಮೇಲ್ರೆಪ್ಪೆಯಡಿ ಸಿಕ್ಕಿಕೊಂಡೀತು. ನಿಜವಾದ ಅಪಾಯ ನಲ್ಲಿ ನೀರಿನದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಜೊತೆ ಕಾರ್ನಿಯಾ ಸೇರಿದರೆ ತಿಂಗಳುಗಟ್ಟಲೆ ನೋವು, ಕೆಲವೊಮ್ಮೆ ದೃಷ್ಟಿನಾಶ. ಆದರೂ ದ್ರಾವಣ ಮುಗಿದಾಗ ನಲ್ಲಿಯಲ್ಲಿ ತೊಳೆಯುವುದು, ಲೆನ್ಸು ಹಾಕಿಕೊಂಡೇ ಕೆರೆ ಬಾವಿಯಲ್ಲಿ ಈಜುವುದು ಸಾಮಾನ್ಯ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದು ಆಮ್ಲಜನಕವನ್ನು ಬಹುಪಾಲು ಗಾಳಿಯಿಂದಲೇ ಪಡೆಯುತ್ತದೆ. ಲೆನ್ಸು ಹಾಕಿಕೊಂಡು ಮಲಗಿದರೆ ಆ ದಾರಿ ಮುಚ್ಚಿದಂತೆ. ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಲೆನ್ಸು ಮುಟ್ಟಬಾರದು ಎಂಬುದನ್ನು ಮಾತ್ರ ಎಲ್ಲರೂ ಒಂದೇ ದಿನದಲ್ಲಿ ಕಲಿಯುತ್ತಾರೆ.

ಲೆನ್ಸಿನ ಮಾತು ಬಂದಾಗ ಮದುವೆಯ ಮಾತೂ ಬರುತ್ತದೆ. ಹೆಣ್ಣು ನೋಡಲು ಬರುವ ದಿನ ಕನ್ನಡಕ ತೆಗೆದಿಡು ಎಂದು ಮಗಳಿಗೆ ಹೇಳುವ ಮನೆಯಲ್ಲೇ ‘ಹಾಕಿದರೆ ನಂಬರ್ ಏರುತ್ತೆ’ ಎಂಬ ಮಾತೂ ಜೋರಾಗಿರುತ್ತದೆ. ಗಂಡುಮಗನಿಗೆ ಕನ್ನಡಕ ಹಾಕಿಸುವಾಗ ಇಷ್ಟು ಚರ್ಚೆ ನಡೆಯುವುದಿಲ್ಲ. ಕಣ್ಣಿನ ಆರೋಗ್ಯದ ಕಾಳಜಿಯ ಹೆಸರಿನಲ್ಲಿ ಇಲ್ಲಿ ಕೆಲಸ ಮಾಡುತ್ತಿರುವುದು ಅಂದದ ಲೆಕ್ಕಾಚಾರ. ಮದುವೆಗೆ ಮುಂಚೆ ಲೇಸರ್ ಚಿಕಿತ್ಸೆ ಮಾಡಿಸುವುದೂ ಇದರ ಮುಂದುವರಿಕೆಯೇ. ನಂಬರ್ ಸ್ಥಿರವಾದ ವಯಸ್ಕರಿಗೆ ಅದು ಒಳ್ಳೆಯ ಆಯ್ಕೆಯಾಗಬಹುದು, ಅವರದೇ ಇಚ್ಛೆಯಾಗಿದ್ದರೆ. ಆದರೆ ಲೇಸರ್ ಕಾರ್ನಿಯಾದ ಬಾಗನ್ನಷ್ಟೇ ತಿದ್ದುತ್ತದೆ, ಉದ್ದವಾದ ಗುಡ್ಡೆಯನ್ನಲ್ಲ. ಹೆಚ್ಚು ಮೈನಸ್ ಇದ್ದವರು ಕನ್ನಡಕ ಬಿಟ್ಟ ಮೇಲೂ ಅಕ್ಷಿಪಟಲವನ್ನು ತಪಾಸಣೆ ಮಾಡಿಸುತ್ತಿರಬೇಕು, ನಲವತ್ತರ ನಂತರ ಚಾಳೀಸು ಬಂದೇ ಬರುತ್ತದೆ.

ಉಚಿತ ಕನ್ನಡಕ ಕೊಡುವ ಸರ್ಕಾರಿ ಯೋಜನೆಗಳು ನಮ್ಮ ರಾಜ್ಯದಲ್ಲೂ ನಡೆಯುತ್ತಿವೆ, ನಡೆಯಬೇಕು. ಅವುಗಳ ವರದಿಯಲ್ಲಿ ಇರುವುದು ವಿತರಿಸಿದ ಕನ್ನಡಕಗಳ ಸಂಖ್ಯೆ. ಆದರೆ ಕೊಟ್ಟದ್ದೆಲ್ಲ ಮೂಗೇರುತ್ತದೆ ಎಂದೇನಿಲ್ಲ. ಮೆಕ್ಸಿಕೋದ ಒವಾಹಾಕಾ ಪ್ರಾಂತ್ಯದ ಶಾಲೆಗಳಲ್ಲಿ ಉಚಿತ ಕನ್ನಡಕ ಕೊಟ್ಟವರು ಒಂದು ದಿನ ಮುನ್ಸೂಚನೆಯಿಲ್ಲದೆ ಹೋಗಿ ನೋಡಿದಾಗ ಅದನ್ನು ಹಾಕಿಕೊಂಡಿದ್ದ ಮಕ್ಕಳು ಶೇ 13ರಷ್ಟು ಮಾತ್ರ. ಹಾಕಿಕೊಂಡರೆ ಮುಖ ಚೆಂದ ಕಾಣುವುದಿಲ್ಲ, ಇತರರು ಚುಡಾಯಿಸುತ್ತಾರೆ ಎಂಬುದು ಅಲ್ಲಿನ ಮಕ್ಕಳು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ನಮ್ಮ ಮಕ್ಕಳನ್ನು ಕೇಳಿದರೆ ಇದರ ಜೊತೆಗೆ ಮನೆಯವರ ಭಯವೂ ಕಿವಿ ನೋಯಿಸುವ ಕಡ್ಡಿಯೂ ಸೇರಿಕೊಳ್ಳುತ್ತವೆ ಎಂದು ನನ್ನ ಎಣಿಕೆ. ಆದ್ದರಿಂದ ವಿತರಣೆಯ ದಿನದ ಜೊತೆಗೆ ಮೂರು ತಿಂಗಳ ಬಳಿಕದ ಒಂದು ದಿನವನ್ನೂ ಯೋಜನೆಯಲ್ಲೇ ಬರೆಯಬೇಕು. ಅಂದು ಫಿಟ್ಟಿಂಗ್ ಬಲ್ಲ ಒಬ್ಬರು ಸಣ್ಣ ಸ್ಕ್ರೂಡ್ರೈವರ್, ಪಾಪೆಯ ಅಂತರ ಅಳೆಯುವ ಸ್ಕೇಲು, ಕಡ್ಡಿ ಬಿಸಿಮಾಡುವ ಯಂತ್ರ, ಒಂದಿಷ್ಟು ಹೆಚ್ಚುವರಿ ಪ್ಯಾಡು ಹಿಡಿದು ಶಾಲೆಗೆ ಬರಬೇಕು. ಕನ್ನಡಕ ಹಾಕಿಕೊಳ್ಳದ ಮಗುವನ್ನು ಗದರಿಸದೆ, ಅದು ಎಲ್ಲಿ ಒತ್ತುತ್ತದೆ, ಯಾವಾಗ ಮಸುಕಾಗುತ್ತದೆ, ಮನೆಯಲ್ಲಿ ಯಾರು ಬೇಡ ಎಂದರು ಎಂದು ಕೇಳಿ ಬರೆದುಕೊಳ್ಳಬೇಕು. ಬೇಡ ಎಂದವರನ್ನು ಶಾಲೆಗೆ ಕರೆಸಿ, ಮಗುವಿನ ಹಳೆಯ ಚೀಟಿ ಹೊಸ ಚೀಟಿ ಎರಡನ್ನೂ ಎದುರಿಗಿಟ್ಟು ಮಾತಾಡುವ ಕೆಲಸವೂ ಅದೇ ದಿನದ್ದಾಗಬೇಕು.